ಪೇಟೆ ಬೀದಿಯೇ ಓಟದ ಕಣವಾದಾಗ

ಕಂಬಳದ ಕರೆ ನೇರ. ಗಂತಿನಲ್ಲಿ ಬಿಟ್ಟ ಕೋಣಗಳು ಮಂಜೊಟ್ಟಿ ಮುಟ್ಟುವ ತನಕ ತಿರುವು ಎಂಬುದಿಲ್ಲ. ಪುತ್ತೂರಿನ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಪೇಟೆಯ ನಡುಬೀದಿಯಲ್ಲಿ ನಡೆಯುವ ಇನ್ನೊಂದು ಬಗೆಯ ಓಟವಿದೆ. ಅಲ್ಲಿ ಸೋಲು ಗೆಲುವು ತೀರ್ಮಾನವಾಗುವುದೇ ತಿರುವುಗಳಲ್ಲಿ. ಅದು ಫಾರ್ಮುಲಾ ಕಾರುಗಳ ಬೀದಿ ಓಟ.

2025ರ ಮೇ 24ರಂದು ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ-2 ಸ್ಪ್ರಿಂಟ್ ಓಟವನ್ನು ಗೆದ್ದರು. ಆ ಕಣದಲ್ಲಿ ಫಾರ್ಮುಲಾ-2 ಓಟ ಗೆದ್ದ ಮೊದಲ ಭಾರತೀಯರು ಅವರೇ. 1929ರಲ್ಲಿ ಮೊದಲ ಗ್ರಾಂಡ್ ಪ್ರಿ ನಡೆದಂದಿನಿಂದ ಮೊನಾಕೊದ ಬೀದಿಗಳು ಈ ಓಟಕ್ಕೆ ಹೆಸರಾಗಿವೆ. ಬಂದರಿನ ಬದಿ, ಹೋಟೆಲುಗಳ ಎದುರು, ಸುರಂಗದ ಒಳಗೆ ಸುತ್ತಿ ಬರುವ ಹಾದಿಯ ಉದ್ದ 3.337 ಕಿಲೋಮೀಟರ್. ಉಳಿದ ದಿನಗಳಲ್ಲಿ ಅಲ್ಲಿ ಜನ ಕಾರು ಓಡಿಸಿಕೊಂಡು ಕಚೇರಿಗೆ, ಅಂಗಡಿಗೆ ಹೋಗುತ್ತಾರೆ.

ತಿರುವಿನ ಲೆಕ್ಕ

ಫಾರ್ಮುಲಾ ಕಾರಿನಲ್ಲಿ ಒಬ್ಬನಿಗೆ ಮಾತ್ರ ಜಾಗ. ನಾಲ್ಕೂ ಚಕ್ರಗಳು ಕಾರಿನ ಮೈಯಿಂದ ಹೊರಗೆ ಬಯಲಾಗಿರುತ್ತವೆ, ಮಡ್‌ಗಾರ್ಡ್ ಇಲ್ಲ. ಇದೇ ಅದರ ಅಪಾಯವೂ ಹೌದು. ಉರುಳುವ ಚಕ್ರದ ಹಿಂಬದಿ ಯಾವಾಗಲೂ ಮೇಲಕ್ಕೆ ಚಲಿಸುತ್ತಿರುತ್ತದೆ. ಹಿಂದಿನ ಕಾರಿನ ಮುಂಗಾಲಿ ಅದಕ್ಕೆ ತಗಲಿದರೆ ಏಣಿ ಹತ್ತಿದಂತೆ ಮೇಲೇರಿ ಕಾರು ಗಾಳಿಗೆ ಹಾರಬಹುದು.

ಇನ್ನು ತಿರುವಿನ ವಿಷಯ. 20 ಮೀಟರ್ ತ್ರಿಜ್ಯದ ಒಂದು ತಿರುವನ್ನು ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹಾಯಬೇಕೆಂದುಕೊಳ್ಳೋಣ. ಅದನ್ನು ಹಾದಿಯಲ್ಲೇ ಹಿಡಿದಿಡಲು ಟಯರುಗಳು ಹೆಚ್ಚುಕಡಿಮೆ ಕಾರಿನ ತೂಕದಷ್ಟೇ ಬಲದಿಂದ ಪಕ್ಕಕ್ಕೆ ಎಳೆಯಬೇಕು. ಒಣ ರಸ್ತೆಯಲ್ಲೂ ಸಾಧಾರಣ ಟಯರಿನ ಹಿಡಿತ ಅಷ್ಟಿರುವುದಿಲ್ಲ. ಮಳೆಯಲ್ಲಿ ಅದು ಇನ್ನೂ ಕಡಿಮೆ. ವೇಗವನ್ನು 25ಕ್ಕೆ ಇಳಿಸಿದರೆ ಬೇಕಾಗುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು ಬೇಕೆಂಬ ನಿಯಮವೇ ಓಟಗಾರನ ಮೊದಲ ಪಾಠ.

ಓಟದ ಕಾರುಗಳಿಗೆ ಮೆದು ರಬ್ಬರಿನ ಟಯರುಗಳಿವೆ. ಹಿಂದೆ ಮುಂದೆ ತಲೆಕೆಳಗಾದ ವಿಮಾನದ ರೆಕ್ಕೆಯಂಥ ಪಟ್ಟಿಗಳಿದ್ದು, ಬೀಸುವ ಗಾಳಿಯೇ ಕಾರನ್ನು ನೆಲಕ್ಕೆ ಒತ್ತುತ್ತದೆ. ಆದರೆ ಈ ಒತ್ತಡ ವೇಗವಿದ್ದರೆ ಮಾತ್ರ. ಪೇಟೆಯ ಇಕ್ಕಟ್ಟಾದ ತಿರುವಿನಲ್ಲಿ ವೇಗ ಇಳಿದಾಗ ರೆಕ್ಕೆಯ ನೆರವು ಕಡಿಮೆ. ಅಲ್ಲಿ ಟಯರು ಮತ್ತು ಓಟಗಾರನ ಕೈಯೇ ಗತಿ. ತಪ್ಪಿದರೆ ತಡೆಯಲು ಹುಲ್ಲಾಗಲಿ ಮರಳಾಗಲಿ ಇಲ್ಲ, ಸಿಗುವುದು ಗೋಡೆ.

ಮುಚ್ಚಳವೂ ಶತ್ರು

ದಿನನಿತ್ಯ ನಾವು ಗಮನಿಸದೆ ದಾಟುವ ಮ್ಯಾನ್‌ಹೋಲ್ ಮುಚ್ಚಳ ಇಲ್ಲಿ ಗಂಡಾಂತರ ತರಬಲ್ಲದು. ಕಾರಿನ ತಳ ನೆಲಕ್ಕೆ ತೀರ ಹತ್ತಿರ. ಅದರಡಿ ಗಾಳಿ ವೇಗವಾಗಿ ನುಗ್ಗಿದಾಗ ಒತ್ತಡ ಕುಸಿದು, ಸಡಿಲ ಮುಚ್ಚಳವನ್ನು ಮೇಲಕ್ಕೆ ಹೀರುತ್ತದೆ. ಶಾಲೆಯಲ್ಲಿ ಕಲಿಯುವ ಬರ್ನೌಲಿ ತತ್ವವೇ ಇದು. 2019ರಲ್ಲಿ ಬಾಕು ನಗರದಲ್ಲಿ ಜಾರ್ಜ್ ರಸೆಲ್ ಅವರ ಕಾರು, 2023ರಲ್ಲಿ ಲಾಸ್ ವೇಗಸ್‌ನಲ್ಲಿ ಕಾರ್ಲೋಸ್ ಸೈನ್ಜ್ ಅವರ ಕಾರು ಹೀಗೆ ಅಭ್ಯಾಸದ ವೇಳೆಯಲ್ಲೇ ಜಖಂಗೊಂಡವು. ಆದ್ದರಿಂದ ಓಟಕ್ಕೆ ಮುನ್ನ ಇಂಥ ಮುಚ್ಚಳಗಳನ್ನು ಬೆಸುಗೆ ಹಾಕಿ ಭದ್ರಪಡಿಸುತ್ತಾರೆ. ಹಂಪ್ ತೆಗೆದು, ಹೊಸ ಡಾಮರು ಹಾಕಿ, ಇಕ್ಕೆಲದಲ್ಲೂ ತಡೆಗೋಡೆ, ಅದರ ಮೇಲೆ ಬಲವಾದ ಬೇಲಿ ನಿಲ್ಲಿಸುತ್ತಾರೆ.

ನೆರೆಯ ಎರಡು ನಗರಗಳು

ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ 2023ರ ಫೆಬ್ರವರಿ 11ರಂದು ವಿದ್ಯುತ್ ಕಾರುಗಳ ಫಾರ್ಮುಲಾ-ಇ ಓಟ ನಡೆಯಿತು. 2.83 ಕಿಲೋಮೀಟರ್ ಸುತ್ತಿನ ಆ ಓಟವನ್ನು ಫ್ರಾನ್ಸಿನ ಜಾನ್ ಎರಿಕ್ ವೆರ್ನ್ ಗೆದ್ದರು. ಬ್ರೇಕ್ ಹಾಕಿದಾಗ ಈ ಕಾರಿನ ಮೋಟಾರು ಡೈನಮೋದಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ ಮರಳಿಸುತ್ತದೆ. ಪದೇ ಪದೇ ಬ್ರೇಕ್ ಬೇಡುವ ಪೇಟೆಯ ಹಾದಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ರಾಜ್ಯದಲ್ಲಿ ಸರ್ಕಾರ ಬದಲಾದ ಬಳಿಕ 2024ರ ಓಟ ರದ್ದಾಯಿತು.

ಚೆನ್ನೈಯಲ್ಲಿ 2023ರ ಡಿಸೆಂಬರಿಗೆ ಗೊತ್ತಾಗಿದ್ದ ಓಟ ಮಿಚಾಂಗ್ ಚಂಡಮಾರುತದ ನೆರೆಯಿಂದ ಮುಂದೆ ಹೋಗಿ, 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ರಾತ್ರಿ ದೀಪಗಳ ಬೆಳಕಿನಲ್ಲಿ ನಡೆಯಿತು. ಐಲ್ಯಾಂಡ್ ಮೈದಾನದ ಸುತ್ತ 3.5 ಕಿಲೋಮೀಟರ್, 19 ತಿರುವು. ಹಾದಿಯ ಸಮೀಪ ಆಸ್ಪತ್ರೆಗಳಿರುವಾಗ ರಸ್ತೆ ಮುಚ್ಚುವುದು ಸರಿಯೇ ಎಂಬ ಪ್ರಶ್ನೆ ಮದರಾಸು ಹೈಕೋರ್ಟಿನ ಮೆಟ್ಟಿಲೇರಿತು. ನ್ಯಾಯಾಲಯ ಷರತ್ತುಗಳೊಂದಿಗೆ ಒಪ್ಪಿಗೆ ಕೊಟ್ಟಿತು. ಪ್ರಶ್ನೆ ನ್ಯಾಯವಾದದ್ದೇ. ಓಟ ಎರಡು ದಿನದ ಸಂಭ್ರಮ. ರಸ್ತೆ ಮಾತ್ರ ಎಲ್ಲರದು. ಹಾಕಿದ ಡಾಮರು, ಮಾಡಿದ ಖರ್ಚು ಆಮೇಲೆ ಯಾರಿಗೆ ಉಪಯೋಗ ಎಂದು ಊರಿನವರು ಕೇಳಬೇಕಾದದ್ದೇ.

ನಮ್ಮ ರಸ್ತೆಯ ಪಾಠ

ಪುತ್ತೂರು, ಸುಳ್ಯ, ಕಡಬದ ಹುಡುಗರು ಈ ಓಟಗಳನ್ನು ಮೊಬೈಲಿನಲ್ಲಿ ನೋಡುತ್ತಾರೆ. ನೋಡಿದ ಹುರುಪಿನಲ್ಲಿ ಬೈಕು ಹತ್ತಿ ಮಾಣಿ-ಮೈಸೂರು ಹೆದ್ದಾರಿಯಲ್ಲೋ ಸಂಪಾಜೆಯ ತಿರುವಿನಲ್ಲೋ ಕೈ ಪರೀಕ್ಷಿಸುವವರೂ ಇಲ್ಲದಿಲ್ಲ. ತಿರುವಿನ ಲೆಕ್ಕ ಮೊನಾಕೊದಲ್ಲೂ ಸಂಪಾಜೆಯಲ್ಲೂ ಒಂದೇ. ವ್ಯತ್ಯಾಸ ಇಷ್ಟೇ: ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಆಟಿಯ ಮಳೆಗೆ ಕೊಚ್ಚಿ ಬಂದ ಕೆಸರು ರಸ್ತೆಯಲ್ಲಿ ಕಾದಿರುವುದಿಲ್ಲ. ಮುಚ್ಚಳ ಬಿಗಿದು, ಗೋಡೆ ಕಟ್ಟಿ, ವೈದ್ಯರನ್ನೂ ಆಂಬುಲೆನ್ಸನ್ನೂ ನಿಲ್ಲಿಸಿದ ಮೇಲೆಯೇ ಕುಶ್ ಮೈನಿಯಂಥ ಪಳಗಿದ ಓಟಗಾರನಿಗೂ ಹಸಿರು ದೀಪ ತೋರಿಸುತ್ತಾರೆ. ಇವು ಯಾವುವೂ ಇಲ್ಲದ ನಮ್ಮ ರಸ್ತೆಯಲ್ಲಿ ತಿರುವಿಗೆ ಮೊದಲೇ ವೇಗ ಇಳಿಸುವವನೇ ಜಾಣ.