ಡಿಸ್ಕಿನ ಸುಳ್ಳು ಹಿಡಿದವರು

ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತದ ಆಟವನ್ನು ಈಗಿನ 4ಕೆ ಕ್ಯಾಮೆರಾದಲ್ಲಿ ಹಿಡಿದಿಟ್ಟರೆ ಎಷ್ಟು ಜಾಗ ಬೇಕಾದೀತು? ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ತಾಸಿಗೆ 45 ಜಿಬಿ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಆರಕ್ಕೆ ಮುಗಿದರೆ 360 ಜಿಬಿ. ಎರಡು ಕ್ಯಾಮೆರಾ ಇಟ್ಟರೆ ಅದರ ಇಮ್ಮಡಿ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಬೆಳೆಸಿದ ಈ ಆಟ ಗೋಕಾಕ-ಮೂಡಲಗಿ ಸೀಮೆಯ ಸೊತ್ತು. ಮೇಲವಂಕಿಯಂಥ ಊರಿನಲ್ಲಿ ವಿಡಿಯೊ ಮಾಡುವವರಿಗೆ ಇದರ ಜೊತೆಗೆ ಜಾತ್ರೆ, ಲಗ್ನ, ಕುಬಸ, ಗೃಹಪ್ರವೇಶ. ಹತ್ತು ವರ್ಷ ಕಳೆಯುವಷ್ಟರಲ್ಲಿ ಟ್ರೆಜರಿಯ ಒಂದು ಖಾನೆ ಪೂರ್ತಿ ಪೋರ್ಟಬಲ್ ಡಿಸ್ಕುಗಳು, ಮೇಲೆ ಟೇಪು ಅಂಟಿಸಿ ಬರೆದ ಇಸವಿ. ಆಮೇಲೊಂದು ದಿನ ಯಾರೋ ಫೋನ್ ಮಾಡಿ ‘ಅಣ್ಣಾರ, ಅಪ್ಪಂದು ಹಳೇ ವಿಡಿಯೊ ಬೇಕಾಗಿತ್ತರೀ’ ಅಂತಾರೆ. ಆಗ ನೋಡಿದರೆ ಡಿಸ್ಕ್ ಓಪನ್ ಆಗವಲ್ದು.

ನಾಲ್ಕು ದೊಡ್ಡ ಡಿಸ್ಕ್ ತಂದು ಮನೆಯಲ್ಲೇ ಸರ್ವರ್ ಕೂರಿಸೋಣ ಎಂಬ ಆಲೋಚನೆ ಹುಟ್ಟುವುದು ಇಂಥ ಹೊತ್ತಿನಲ್ಲಿ. ಡಿಸ್ಕಿನ ಕಂಪನಿ, ರೇಟು ಎಲ್ಲ ಬೇಗ ತೀರ್ಮಾನವಾಗುತ್ತದೆ. ಸಿಕ್ಕಿಹಾಕಿಕೊಳ್ಳುವುದು ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್ ಹತ್ತಿರ: ಎಕ್ಸ್ಟ್4, ಎಕ್ಸ್‌ಎಫ್‌ಎಸ್, ಬಟರ್‌ಎಫ್‌ಎಸ್, ಝಡ್‌ಎಫ್‌ಎಸ್. ಒಂದೊಂದೂ ಒಂದೊಂದು ಕಾಲದ ತಾಪತ್ರಯಕ್ಕೆ ಹುಟ್ಟಿದ ಉತ್ತರ.

ಕ್ಯಾಮೆರಾದ ಕಾರ್ಡಿನಿಂದಲೇ ಶುರು ಮಾಡಬಹುದು. ಎಡೆಬಿಡದೆ ಓಡಿದ ಒಂದೇ ಶಾಟು, ಕಾರ್ಡಿನಲ್ಲಿ ನೋಡಿದರೆ ತುಂಡು ತುಂಡು. ಆರು ನಿಮಿಷ ತುಂಬುವ ಮೊದಲೇ ಹೊಸ ಫೈಲು. 1977ರಲ್ಲಿ ಮೈಕ್ರೊಸಾಫ್ಟ್‌ನ ಮಾರ್ಕ್ ಮೆಕ್‌ಡೊನಾಲ್ಡ್ ಬರೆದ ಫ್ಯಾಟ್ ಎಂಬ ಪುಟ್ಟ ವ್ಯವಸ್ಥೆಯ ವಂಶಸ್ಥ ಫ್ಯಾಟ್32 ಅನೇಕ ಕಾರ್ಡುಗಳಲ್ಲಿ ಇನ್ನೂ ಕೂತಿದೆ. ಫೈಲಿನ ಉದ್ದ ಬರೆಯಲು ಅದರಲ್ಲಿರುವುದು 32 ಬಿಟ್ ಜಾಗ, ಹಾಗಾಗಿ 4 ಜಿಬಿ ದಾಟುವಂತಿಲ್ಲ. 2006ರ ಎಕ್ಸ್‌ಫ್ಯಾಟ್ ಆ ಮಿತಿಯನ್ನೇನೋ ತೆಗೆಯಿತು, ಆದರೆ ಬರೆಯುವ ನಡುವೆ ಕರೆಂಟ್ ಹೋದರೆ ಏನು ಗತಿ ಎಂಬುದಕ್ಕೆ ಅದರಲ್ಲೂ ಜವಾಬಿಲ್ಲ.

ಕರೆಂಟಿನ ಪ್ರಶ್ನೆ ನಮ್ಮ ಕಡೆ ಸಣ್ಣದಲ್ಲ. ದೇಶದ ಹಳೇ ಜಲವಿದ್ಯುತ್ ಕೇಂದ್ರಗಳಲ್ಲೊಂದು ಗೋಕಾಕ ಫಾಲ್ಸ್‌ನಲ್ಲೇ ಇದ್ದರೂ ಸುತ್ತಲಿನ ಮನೆಗಳಲ್ಲಿ ಯುಪಿಎಸ್ ಇಲ್ಲದೆ ಕಂಪ್ಯೂಟರ್ ಇಡುವವರಿಲ್ಲ. ಇಂಥ ಮನೆ ಸರ್ವರುಗಳನ್ನು ಸಾಮಾನ್ಯವಾಗಿ ಓಡಿಸುವ ಲಿನಕ್ಸ್‌ಗಾಗಿ ರೆಮಿ ಕಾರ್ಡ್ 1992ರಲ್ಲಿ ಎಕ್ಸ್ಟ್ ಬರೆದ, ಮರುವರ್ಷ ಎಕ್ಸ್ಟ್2 ಬಂತು. ಅದು ನಂಬಿಕಸ್ಥ, ಆದರೆ ಒಮ್ಮೆ ಕರೆಂಟ್ ಹೋಗಿ ಬಂದರೆ ಡಿಸ್ಕನ್ನು ತುದಿಯಿಂದ ತುದಿವರೆಗೆ ತಡಕಬೇಕಿತ್ತು. ದೊಡ್ಡ ಡಿಸ್ಕಾದರೆ ತಾಸುಗಟ್ಟಲೆ ಕಾಯಬೇಕು. 2001ರಲ್ಲಿ ಸ್ಟೀಫನ್ ಟ್ವೀಡಿಯ ಎಕ್ಸ್ಟ್3 ಲಿನಕ್ಸ್ ತಿರುಳಿಗೆ (ಕರ್ನಲ್‌ಗೆ) ಸೇರಿದಾಗ ಈ ಕಾಟ ತಪ್ಪಿತು. ಅಡತಿ ಅಂಗಡಿಯ ಗುಮಾಸ್ತ ಮೊದಲು ಕಿರ್ದಿಯಲ್ಲಿ ಗೀಚಿ ಆಮೇಲೆ ಖಾತೆಗೆ ಏರಿಸುವ ಹಾಗೆ, ಮಾಡಹೊರಟ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದಿಡುವುದೇ ಉಪಾಯ. ಅರ್ಧಕ್ಕೆ ನಿಂತರೆ ಜರ್ನಲ್ ಒಂದನ್ನು ಓದಿದರೆ ಸಾಕು.

ಎಕ್ಸ್ಟ್3ಗೆ ಒಟ್ಟು 16 ಟಿಬಿ ಗಡಿ. ಅದನ್ನು ಮುರಿದ ಎಕ್ಸ್ಟ್4 ಪಕ್ವವಾಗಿ ಹೊರಬಂದದ್ದು 2008ರ ಡಿಸೆಂಬರಿನಲ್ಲಿ. ಈ ಕೆಲಸದಲ್ಲಿ ಬೆಂಗಳೂರಿನ ಪಾಲಿದೆ. 2007ರ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಎಕ್ಸ್ಟ್4ರ ನಕ್ಷೆ ಮುಂದಿಟ್ಟ ಪ್ರಬಂಧದ ಲೇಖಕರಲ್ಲಿ ಐಬಿಎಂ ಇಂಡಿಯಾದ ಸುಪರ್ಣಾ ಭಟ್ಟಾಚಾರ್ಯ ಒಬ್ಬರು. ಮರುವರ್ಷ ಡಿಸ್ಕಿನ ಜಾಗ ಹಂಚುವ ಬಗೆಯನ್ನು ಸುಧಾರಿಸಿದ ಪ್ರಬಂಧದಲ್ಲಿ ಮೊದಲ ಹೆಸರು ಐಬಿಎಂ ಇಂಡಿಯಾದವರೇ ಆದ ಅನೀಶ್ ಕುಮಾರ್ ಕೆ.ವಿ. ಅವರದು. ಗ್ಲಸ್ಟರ್ ಎಂಬ ಇನ್ನೊಂದು ಸಾಹಸದ ಎಂಜಿನಿಯರುಗಳೂ ಬಹುಪಾಲು ಬೆಂಗಳೂರಿನಲ್ಲೇ ಕೂತಿದ್ದವರು. 2011ರಲ್ಲಿ ರೆಡ್ ಹ್ಯಾಟ್ ಅದನ್ನು ಸುಮಾರು 136 ಮಿಲಿಯನ್ ಡಾಲರಿಗೆ ಕೊಂಡಿತು. ಹತ್ತಾರು ಸರ್ವರುಗಳನ್ನು ಒಂದೇ ಎಂಬಂತೆ ತೋರಿಸುವ ಆ ವ್ಯವಸ್ಥೆ ಅಡಿಯಲ್ಲಿ ಸಾಮಾನ್ಯವಾಗಿ ಎಕ್ಸ್‌ಎಫ್‌ಎಸ್ ಇಟ್ಟುಕೊಳ್ಳುತ್ತಿತ್ತು. ಒಂದು ಪೆಟ್ಟಿಗೆಯ ಮನೆಗೆ ಅದರ ಗೊಡವೆ ಬೇಡ.

ಇಷ್ಟೆಲ್ಲ ಆದರೂ ಒಂದು ಅನುಮಾನ ಉಳಿದೇ ಇತ್ತು. ಡಿಸ್ಕ್ ಕೈಕೊಟ್ಟರೆ ಗೊತ್ತಾಗುತ್ತದೆ. ಕೈಕೊಡದೆ, ತಪ್ಪು ಅಕ್ಷರ ಕೊಟ್ಟು ‘ಇದೇ ಸರಿ’ ಎಂದರೆ? 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ 15.3 ಲಕ್ಷ ಡಿಸ್ಕುಗಳನ್ನು 41 ತಿಂಗಳು ಗಮನಿಸಿ, ಬರೆದದ್ದಕ್ಕೂ ಓದಿದ್ದಕ್ಕೂ ತಾಳೆಯಾಗದ 4 ಲಕ್ಷಕ್ಕೂ ಹೆಚ್ಚು ಪ್ರಸಂಗಗಳನ್ನು ಕಂಡಿತು. ಜರ್ನಲ್‌ಗೆ ಇದು ಕಾಣುವುದಿಲ್ಲ. ಎರಡು ಡಿಸ್ಕಿನಲ್ಲಿ ಪ್ರತಿ ಇಡುವ ಮಾಮೂಲಿ ರೇಡ್‌ಗೂ ಕಾಣುವುದಿಲ್ಲ. ಎರಡು ಪ್ರತಿ ಬೇರೆಯಾದರೆ ಯಾವುದು ಸಾಚಾ ಎಂದು ಹೇಳಲು ಅದಕ್ಕೆ ಬಾರದು.

ಸನ್ ಮೈಕ್ರೊಸಿಸ್ಟಮ್ಸ್‌ನ ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ 2001ರಲ್ಲಿ ಝಡ್‌ಎಫ್‌ಎಸ್ ಕೆಲಸಕ್ಕೆ ಕೂತಾಗ ಡಿಸ್ಕನ್ನು ನಂಬಬಾರದು ಎಂಬಲ್ಲಿಂದಲೇ ಹೊರಟರು. ಪ್ರತಿ ತುಣುಕಿಗೂ ಒಂದು ತಾಳೆ ಸಂಖ್ಯೆ. ಅದನ್ನು ತುಣುಕಿನ ಪಕ್ಕದಲ್ಲಿ ಇಡದೆ, ಆ ತುಣುಕು ಎಲ್ಲಿದೆ ಎಂದು ತೋರಿಸುವ ಮೇಲಿನ ತುಣುಕಿನಲ್ಲಿ ಇಟ್ಟರು. ಮೇಲಿನದರ ಸಂಖ್ಯೆ ಅದರ ಮೇಲಿನದರಲ್ಲಿ. ತಾಳೆ ತಪ್ಪಿದ ಕೂಡಲೇ ಇನ್ನೊಂದು ಡಿಸ್ಕಿನ ಸರಿಯಾದ ಪ್ರತಿಯಿಂದ ತಾನೇ ತಿದ್ದಿಕೊಳ್ಳುತ್ತದೆ. ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲೇ ಬರೆಯುವುದರಿಂದ ಕರೆಂಟ್ ಹೋದರೂ ಹಿಂದಿನ ಸ್ಥಿತಿ ಕೆಡದೆ ಇರುತ್ತದೆ. 2005ರ ನವೆಂಬರಿನಲ್ಲಿ ಇದರ ಮೂಲಸಂಕೇತ ಓಪನ್‌ಸೊಲಾರಿಸ್ ಜೊತೆ ಎಲ್ಲರ ಕೈಗೆ ಬಂತು, ಆದರೆ ಲಿನಕ್ಸ್ ಲೈಸೆನ್ಸಿನೊಂದಿಗೆ ಕೂಡಿಬರದ ಷರತ್ತುಗಳ ಅಡಿಯಲ್ಲಿ. ಲಿನಕ್ಸ್ ತಿರುಳಿನ ಒಳಗೆ ಇವತ್ತಿಗೂ ಅದಕ್ಕೆ ಜಾಗವಿಲ್ಲ, ಹೊರಗಿನಿಂದ ಜೋಡಿಸಿಕೊಳ್ಳಬೇಕು.

2007ರಲ್ಲಿ ಒರಾಕಲ್‌ನಲ್ಲಿದ್ದ ಕ್ರಿಸ್ ಮೇಸನ್ ಇಂಥದ್ದೇ ಗುಣಗಳ ಬಟರ್‌ಎಫ್‌ಎಸ್ ಶುರು ಮಾಡಿದ, ಲಿನಕ್ಸ್ ಲೈಸೆನ್ಸಿನಲ್ಲೇ. ತಮಾಷೆ ನೋಡಿ, 2010ರಲ್ಲಿ ಒರಾಕಲ್ ಸನ್ ಕಂಪನಿಯನ್ನೇ ಕೊಂಡು ಎರಡಕ್ಕೂ ಯಜಮಾನನಾಯಿತು. ಝಡ್‌ಎಫ್‌ಎಸ್‌ನ ಮೂಲಸಂಕೇತಕ್ಕೆ ಬಾಗಿಲನ್ನೂ ಮುಚ್ಚಿತು. ಆರೆನ್ಸ್ ಮೊದಲಾದವರು ಹೊರಗಿದ್ದ ಪ್ರತಿಯನ್ನು 2013ರಲ್ಲಿ ಓಪನ್‌ಝಡ್‌ಎಫ್‌ಎಸ್ ಹೆಸರಿನಲ್ಲಿ ಒಗ್ಗೂಡಿಸಿದರು.

ಮನೆಯವರಿಗೆ ಅದರಲ್ಲಿ ಒಂದು ತೊಡಕಿತ್ತು. ಒಂದು ಡಿಸ್ಕ್ ಹೋದರೂ ಫೈಲುಗಳು ಉಳಿಯುವಂತೆ ನಾಲ್ಕು ಡಿಸ್ಕುಗಳನ್ನು ಹೆಣೆದ ರೇಡ್-ಝಡ್ ಕಟ್ಟಿದ ಮೇಲೆ ಐದನೆಯದನ್ನು ಆ ಗುಂಪಿಗೆ ಸೇರಿಸುವಂತಿರಲಿಲ್ಲ. ಲಗ್ನದ ಸೀಜನ್ನಿಗೊಂದು ಡಿಸ್ಕ್ ಕೊಳ್ಳುವವನಿಗೆ ಇದು ಹೊಂದುವ ಮಾತಲ್ಲ. 2025ರ ಜನವರಿಯ ಓಪನ್‌ಝಡ್‌ಎಫ್‌ಎಸ್ 2.3 ಆವೃತ್ತಿ ಈ ತೊಡಕು ಬಿಡಿಸಿತು. ಬಟರ್‌ಎಫ್‌ಎಸ್‌ನಲ್ಲಿ ಡಿಸ್ಕ್ ಸೇರಿಸುವುದು ಮೊದಲಿನಿಂದಲೂ ಸುಲಭ, ಆದರೆ ಅಂಥದ್ದೇ ಹೆಣಿಗೆಯ ಅದರ ರೇಡ್5, ರೇಡ್6 ಬಗ್ಗೆ ಎಚ್ಚರಿಕೆಯ ಮಾತು ಇನ್ನೂ ನಿಂತಿಲ್ಲ. ಜೋಡಿ ಪ್ರತಿಯಲ್ಲಿ ಇಟ್ಟರೆ ಚೆನ್ನಾಗಿದೆ.

ನನ್ನನ್ನು ಕೇಳಿದರೆ ವಿಡಿಯೊ ಕಾಪಿಡುವ ಮನೆಗೆ ಝಡ್‌ಎಫ್‌ಎಸ್, ಅದೂ ಎರಡೆರಡು ಡಿಸ್ಕಿನ ಜೋಡಿಯಾಗಿ. ನಾಲ್ಕು 8 ಟಿಬಿ ಡಿಸ್ಕಿನಲ್ಲಿ ಕೈಗೆ ಸಿಗುವುದು 16 ಟಿಬಿ ಮಾತ್ರ ಎಂದು ಹೊಟ್ಟೆ ಉರಿಯಬಹುದು. ಒಂದು ಡಿಸ್ಕ್ ಹೋದ ದಿನ ಆ ಉರಿ ಆರುತ್ತದೆ. ತಿಂಗಳಿಗೊಮ್ಮೆ ಸ್ಕ್ರಬ್ ಆಜ್ಞೆ ಕೊಟ್ಟು ಎಲ್ಲ ತುಣುಕುಗಳ ತಾಳೆ ನೋಡಿಸಬೇಕು. ಒಂದು ಟಿಬಿಗೆ ಒಂದು ಜಿಬಿ ರ‍್ಯಾಮ್ ಬೇಕೇ ಬೇಕು ಎಂಬ ಮಾತು ಮನೆ ಬಳಕೆಗೆ ಅತಿಯಾಯಿತು.

ಆದರೆ 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆ ಅಂಗಡಿಗಳಿಗೆ ನುಗ್ಗಿದಂಥ ನೀರಿಗೆ ಯಾವ ತಾಳೆ ಸಂಖ್ಯೆಯೂ ಅಡ್ಡ ಬರುವುದಿಲ್ಲ. ಇನ್ನೊಂದು ಪ್ರತಿ ಬೆಳಗಾವಿಯಲ್ಲೋ ಧಾರವಾಡದಲ್ಲೋ ಬೀಗರ ಮನೆಯಲ್ಲಿರಲಿ. ಬದಲಾದ ತುಣುಕುಗಳನ್ನಷ್ಟೇ ಅಲ್ಲಿಗೆ ಕಳಿಸುವ ಸೌಲಭ್ಯ ಝಡ್‌ಎಫ್‌ಎಸ್‌ನಲ್ಲೇ ಇದೆ. ಮೊದಲ ಸಲ ಮಾತ್ರ ಇಂಟರ್ನೆಟ್ ನೆಚ್ಚಿಕೊಳ್ಳಬೇಡಿ. ಸೆಕೆಂಡಿಗೆ 20 ಮೆಗಾಬಿಟ್ ಸಿಕ್ಕರೂ 10 ಟಿಬಿ ತಲುಪಲು ಒಂದೂವರೆ ತಿಂಗಳು ಬೇಕು. ಪ್ರತಿ ಮಾಡಿಕೊಂಡ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಅದು ಬೀಗರ ಮನೆ ಸೇರಿರುತ್ತದೆ.