ಬೆಲೆ ಹೇಳುವವರಿಲ್ಲದ ಪೇಟೆ

ಶರಾವತಿಯ ಹಿನ್ನೀರಿನಾಚೆಯ ತುಮರಿಯಿಂದ ಸಾಗರಕ್ಕೆ ಅಡಿಕೆ ಒಯ್ಯುವವರು 2025ರ ಜುಲೈಯಲ್ಲಿ ಸೇತುವೆ ಬಳಕೆಗೆ ಬರುವವರೆಗೆ ಲಾಂಚನ್ನು ಕಾಯಬೇಕಿತ್ತು. ಇಲ್ಲವೆ ಬಹುದೂರ ಸುತ್ತಬೇಕಿತ್ತು. ದಾರಿ ಹತ್ತಿರವಾದರೂ ಪೇಟೆಯ ಕ್ರಮ ಹಳೆಯದೇ: ಕೊಳ್ಳುವವನು ಬೆಲೆ ಹೇಳಬೇಕು, ಬೆಳೆಗಾರನು ಒಪ್ಪಬೇಕು. ಇಂತಹ ಮಾತುಕತೆಯೇ ಇಲ್ಲದೆ, ಬರಿಯ ಗುಣಾಕಾರವೇ ಬೆಲೆ ಕಟ್ಟುವ ಪೇಟೆಯೂ ಉಂಟೆಂದರೆ ಓದುಗರು ನಂಬುವರೆ?

2018ರ ನವೆಂಬರಿನಲ್ಲಿ ಹೇಡನ್ ಆಡಮ್ಸ್ ಎಂಬವರು ಈಥೀರಿಯಂ ಜಾಲದಲ್ಲಿ ತೆರೆದ ಯೂನಿಸ್ವಾಪ್ ಅಂತಹುದು. ಅಲ್ಲಿನ ಸರಕು ಕ್ರಿಪ್ಟೋ ನಾಣ್ಯಗಳು. ನಾವು ಅಡಿಕೆ, ಅಕ್ಕಿಗಳಿಂದಲೇ ಅದನ್ನು ತಿಳಿಯೋಣ.

ಒಂದು ಕಣಜದಲ್ಲಿ 100 ಮೂಟೆ ಅಡಿಕೆ, 400 ಮೂಟೆ ಅಕ್ಕಿ ಇವೆ ಎನ್ನಿ. ಗುಣಲಬ್ಧ 40,000. ವಿನಿಮಯದ ನಂತರವೂ ಅದು ಅಷ್ಟೇ ಉಳಿಯಬೇಕು, ಇದೊಂದೇ ಕಟ್ಟಳೆ. ಮೊದಲಲ್ಲಿ ಒಂದು ಮೂಟೆ ಅಡಿಕೆಗೆ ಸುಮಾರು 4 ಮೂಟೆ ಅಕ್ಕಿ. ಒಬ್ಬನು 20 ಮೂಟೆ ಅಡಿಕೆಯನ್ನು ಒಮ್ಮೆಗೇ ಒಯ್ದರೆ 80 ಉಳಿಯುವುದು. ಆದುದರಿಂದ ಅಕ್ಕಿ 500 ಆಗಬೇಕು. ಅವನು ತೆತ್ತದ್ದು 100, ಎಂದರೆ ಮೂಟೆಗೆ 5. ಐವತ್ತನ್ನು ಒಯ್ಯುವವನು 400 ಕೊಡಬೇಕು, ಮೂಟೆಗೆ 8! ಕಣಜವನ್ನು ಬರಿದುಮಾಡುವಷ್ಟು ಅಕ್ಕಿ ಲೋಕದಲ್ಲೇ ಇಲ್ಲ.

ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ಪರಿಚಿತ ರೇಖೆಯೇ. ಉಷ್ಣತೆ ಬದಲಾಗದಿರುವಾಗ ಅನಿಲದ ಒತ್ತಡ, ಗಾತ್ರಗಳ ಗುಣಲಬ್ಧ ಸ್ಥಿರವೆಂಬ ಬಾಯ್ಲನ ನಿಯಮವೂ ಇದೇ ಅತಿಪರವಲಯವನ್ನು ಬರೆಯುವುದು. ಗಾತ್ರ ಕುಗ್ಗಿದಂತೆ ಅನಿಲವನ್ನು ಅದುಮುವುದು ಹೇಗೆ ಕಷ್ಟವೋ, ಕಣಜ ಬರಿದಾದಂತೆ ಅಡಿಕೆಯನ್ನು ತೆಗೆಯುವುದೂ ಹಾಗೆ. (ಅನಿಲಕ್ಕೆ ಲಾಭದಾಸೆಯಿಲ್ಲವೆಂಬುದನ್ನು ಒಪ್ಪುತ್ತೇವೆ.)

ಕಣಜ ತುಂಬಿದವರ ಗತಿಯೇನು? ಅವರು ಎರಡು ಸರಕನ್ನೂ ಸಮಾನ ಬೆಲೆಯಷ್ಟು ಸುರಿದಿದ್ದಾರೆ. ಹೊರಗೆ ಅಡಿಕೆಯ ಬೆಲೆ 16 ಮೂಟೆ ಅಕ್ಕಿಗೆ ಏರಿತೆನ್ನಿ. ಕಣಜಕ್ಕೆ ಆ ಸುದ್ದಿ ತಿಳಿಯದು. ತಿಳಿದ ಚತುರನೊಬ್ಬನು 400 ಮೂಟೆ ಅಕ್ಕಿ ಕೊಟ್ಟು 50 ಮೂಟೆ ಅಡಿಕೆ ಒಯ್ದು, ಹೊರಗೆ 800ಕ್ಕೆ ಮಾರುವನು. ಈಗ ಕಣಜದಲ್ಲಿ 50 ಅಡಿಕೆ, 800 ಅಕ್ಕಿ. ದರ 16ಕ್ಕೆ ಮುಟ್ಟಿತು. ಒಟ್ಟು ಬೆಲೆ 1,600 ಮೂಟೆ ಅಕ್ಕಿ. ಸುರಿಯದೆ ಮನೆಯಲ್ಲೇ ಇಟ್ಟಿದ್ದರೆ 2,000 ಆಗುತ್ತಿತ್ತು. ಕಡಮೆಯಾದ 400 ಆ ಚತುರನ ಲಾಭವೇ. ಲೆಕ್ಕ ಎಳ್ಳಷ್ಟೂ ತಪ್ಪದು.

ಇದಕ್ಕೆ ಪ್ರತಿಯಾಗಿ ಮೊದಲ ಯೂನಿಸ್ವಾಪಿನಲ್ಲಿ ಪ್ರತಿ ವಿನಿಮಯಕ್ಕೂ ಶೇಕಡಾ 0.3ರ ಶುಲ್ಕ ಕಣಜದವರಿಗೆ ಸಲ್ಲುತ್ತಿತ್ತು. ಮೇಲಿನ ವ್ಯವಹಾರದಲ್ಲಿ ಅದು 1.2 ಮೂಟೆ! ಬೆಲೆ ಹೆಚ್ಚು ಅಲುಗದೆ ವ್ಯಾಪಾರ ಹಿಂದೆಮುಂದೆ ಬಹಳವಾಗಿ ನಡೆದರೆ ಮಾತ್ರ ಈ ಶುಲ್ಕ ನಷ್ಟವನ್ನು ಮೀರುವುದು. ಬೆಲೆ ಮೊದಲಿನಲ್ಲಿಗೆ ಮರಳಿದರೆ ನಷ್ಟವು ತಾನೇ ಅಳಿಯುವುದು. ಅಷ್ಟರೊಳಗೆ ತನ್ನ ಪಾಲನ್ನು ಹಿಂದೆಗೆದವನಿಗೆ ಅದು ಕೈಯಿಂದ ಹೋದಂತೆಯೇ.