ಮನೆಯಲ್ಲಿ ರೆಸಿನ್ ಎರಕ: ಹಿಡಿಕೆಯ ನಿಜವಾದ ಬೆಲೆ ಮತ್ತು ಕಾನೂನಿನ ಎಲ್ಲೆ

ಎರಕದ ಉದ್ಯಮ ಕೊಪ್ಪಳ ಜಿಲ್ಲೆಗೆ ಹೊಸದಲ್ಲ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಬೀಡುಕಬ್ಬಿಣವೂ ಅದರ ಎರಕದ ಬಿಡಿಭಾಗಗಳೂ ತಯಾರಾಗುತ್ತವೆ. ಭಾನಾಪುರದ ಬಳಿ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಇವೆಲ್ಲ ದೊಡ್ಡ ಬಂಡವಾಳದ ಮಾತಾಯಿತು. ಕುಲುಮೆ ಬೇಡ, ಯಂತ್ರ ಬೇಡ, ಒಂದು ತಕ್ಕಡಿ ಮತ್ತು ನಾಲ್ಕು ಡಬ್ಬಿ ರಾಸಾಯನಿಕವಿದ್ದರೆ ಸಾಕು ಎಂಬ ಕಾರಣಕ್ಕೆ ಯುವಕರನ್ನು ಆಕರ್ಷಿಸುವ ಇನ್ನೊಂದು ಎರಕವಿದೆ. ಅದು ರೆಸಿನ್ ಎರಕ. ಗಂಗಾವತಿಯ ಅಕ್ಕಿ ಗಿರಣಿಯ ಸನ್ನೆಗೋಲಿನ ಹಿಡಿಕೆ, ಕುಷ್ಟಗಿಯ ಕಲ್ಲು ಕೆಲಸದವರ ಉಪಕರಣದ ಹಿಡಿ, ಬೀರುವಿನ ಗುಂಡಿ, ಕ್ರೀಡಾ ಶೂಟರುಗಳ ಅಂಗೈ ಅಳತೆಗೆ ಮಾಡಿಕೊಡುವ ರೈಫಲ್ ಹಿಡಿ – ಇವೆಲ್ಲವನ್ನೂ ತಾಂತ್ರಿಕವಾಗಿ ಒಂದೇ ವಿಧಾನದಲ್ಲಿ ಮಾಡಬಹುದು. ಆದರೆ ಲೆಕ್ಕದ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ಇವು ಒಂದೇ ಅಲ್ಲ.

ವಿಧಾನ ಸರಳವಾಗಿದೆ. ಮೊದಲು ಮರ ಅಥವಾ ಜೇಡಿಯಲ್ಲಿ ಮೂಲಮಾದರಿಯನ್ನು ಸಿದ್ಧಪಡಿಸಿ, ಅದರ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆಯಲಾಗುತ್ತದೆ. ಅಚ್ಚು ಗಟ್ಟಿಯಾದ ನಂತರ ರೆಸಿನ್ ಮತ್ತು ಗಟ್ಟಿಕಾರಕವನ್ನು ತೂಕ ಮಾಡಿ ಬೆರೆಸಿ ಅದರೊಳಗೆ ಎರೆಯಬೇಕು. ಬಳಕೆಯಲ್ಲಿರುವ ರೆಸಿನ್ ಮುಖ್ಯವಾಗಿ ಮೂರು ಬಗೆ. ಪಾಲಿಯೆಸ್ಟರ್ ಅಗ್ಗ, ಆದರೆ ವಾಸನೆ ಹೆಚ್ಚು, ಗಟ್ಟಿಯಾಗುವಾಗ ಕುಗ್ಗುವುದೂ ಹೆಚ್ಚು. ಪಾಲಿಯುರೆಥೇನ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ತೇವ ತಗುಲಿದರೆ ನೊರೆಯೇಳುತ್ತದೆ. ಎಪಾಕ್ಸಿ ನಿಧಾನ, ಸಾಮಾನ್ಯವಾಗಿ ಒಂದು ದಿನ ಬೇಕು; ಕುಗ್ಗುವಿಕೆ ಮಾತ್ರ ಅತ್ಯಲ್ಪ.

ಪಾಲಿಯೆಸ್ಟರ್ ಬಳಸುವವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಅದಕ್ಕೆ ಹಾಕುವ ಕೋಬಾಲ್ಟ್ ವೇಗವರ್ಧಕ ಮತ್ತು ಪೆರಾಕ್ಸೈಡ್ ದ್ರವ ಇವೆರಡನ್ನು ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಕೂಡದು, ಸ್ಫೋಟವಾಗುವ ಸಂಭವವಿದೆ. ಒಂದನ್ನು ರೆಸಿನ್‌ನಲ್ಲಿ ಪೂರ್ಣವಾಗಿ ಕಲಸಿದ ಮೇಲೆಯೇ ಇನ್ನೊಂದು. ಎರಡು ಡಬ್ಬಿಗಳನ್ನು ಒಂದೇ ಕಪಾಟಿನಲ್ಲಿ ಇಡುವುದೂ ಸಲ್ಲದು. ಅಡುಗೆಮನೆಗೆ ಹೊಂದಿದ ಕೋಣೆಯಲ್ಲಿ ಈ ಕೆಲಸವನ್ನು ಮಾಡುವವರ ಧೈರ್ಯವನ್ನು ಮೆಚ್ಚುವಂತಿಲ್ಲ.

ಇನ್ನು ನಮ್ಮ ಭಾಗದ ಬಿಸಿಲು. ರೆಸಿನ್ ಡಬ್ಬಿಯ ಮೇಲೆ ಮುದ್ರಿಸಿರುವ ಕಾಲಾವಧಿ ಸಾಮಾನ್ಯವಾಗಿ 25 ಡಿಗ್ರಿ ಉಷ್ಣತೆಗೆ ಹೇಳಿದ್ದು. ಉಷ್ಣತೆ 10 ಡಿಗ್ರಿ ಏರಿದರೆ ಆ ಅವಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಏಪ್ರಿಲ್ ತಿಂಗಳ ಯಲಬುರ್ಗಾದಲ್ಲಿ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಕಲಸಿದ ಮಿಶ್ರಣ ಅಚ್ಚಿಗೆ ಸುರಿಯುವ ಮೊದಲೇ ಪಾತ್ರೆಯಲ್ಲಿ ಕಲ್ಲಾಗುವುದುಂಟು. ದಪ್ಪ ಎರಕ ತನ್ನದೇ ಬಿಸಿಯಿಂದ ಬಿರಿಯುತ್ತದೆ. ಆದ್ದರಿಂದ ಪದರ ಪದರವಾಗಿ, ಬೆಳಗಿನ ಜಾವ ಎರೆಯುವುದು ಲೇಸು. ಸಿದ್ಧವಾದ ವಸ್ತುವಿಗೂ ಬಿಸಿಲಿನ ಬಾಧೆ ತಪ್ಪಿದ್ದಲ್ಲ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಸಾಮಾನ್ಯ ಎಪಾಕ್ಸಿ 50ರಿಂದ 60 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ. ಬೇಸಿಗೆಯ ಬಿಸಿಲಿಗೆ ನಿಲ್ಲಿಸಿದ ಟ್ರ್ಯಾಕ್ಟರಿನ ಉಪಕರಣ ಪೆಟ್ಟಿಗೆ ಈ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಪೆಟ್ಟು ಬೀಳುವ ಕೊಡಲಿ, ಸುತ್ತಿಗೆಗಳ ಕಾವಿಗೆ ಬರಿಯ ರೆಸಿನ್ ತಕ್ಕದ್ದಲ್ಲ. ಅಲ್ಲಿ ಜಾಲಿ ಮರವೇ ಮೇಲು.

ಈಗ ಲೆಕ್ಕಕ್ಕೆ ಬರೋಣ. ಹೆಚ್ಚಿನ ಆರಂಭಿಕರು ಸೋಲುವುದು ಇಲ್ಲಿಯೇ. ಉದಾಹರಣೆಗೆ 120 ಗ್ರಾಂ ತೂಕದ ಒಂದು ಹಿಡಿಕೆ ಇದೆಯೆಂದು ಭಾವಿಸೋಣ. ರೆಸಿನ್ ಬೆಲೆ ಕಿಲೋಗೆ 450 ರೂಪಾಯಿ ಎಂದಿಟ್ಟುಕೊಂಡರೆ ಹಿಡಿಕೆಯೊಂದಕ್ಕೆ 54 ರೂಪಾಯಿ. ಮಾರಾಟ ಬೆಲೆ 120. ಇಮ್ಮಡಿಗೂ ಮಿಕ್ಕ ಬೆಲೆ ಬಂತೆಂದು ಹುಡುಗ ಹಿಗ್ಗುತ್ತಾನೆ. ಪೂರ್ಣ ಲೆಕ್ಕ ಬೇರೆಯೇ ಇದೆ. ಪಾತ್ರೆಗೆ ಅಂಟಿ ಹಾಳಾಗುವ ಶೇಕಡಾ 10 ಸೇರಿದರೆ ರೆಸಿನ್ ವೆಚ್ಚ 59.40 ರೂಪಾಯಿ. ಅಚ್ಚಿಗೆ 650 ರೂಪಾಯಿ ತಗುಲಿ ಅದು 50 ಎರಕಕ್ಕೆ ಬಾಳಿದರೆ ಒಂದಕ್ಕೆ 13 ರೂಪಾಯಿ. ಒಳಗೆ ಕೂರಿಸುವ ನಟ್ 6 ರೂಪಾಯಿ. ಕಲಸುವುದು, ಬಿಡಿಸುವುದು, ಉಜ್ಜುವುದು ಎಲ್ಲ ಸೇರಿ ಅರ್ಧ ಗಂಟೆ; ಗಂಟೆಗೆ 80ರಂತೆ 40 ರೂಪಾಯಿ. ಕೈಗವಸು, ಮರಳುಕಾಗದ, ವಿದ್ಯುತ್ 8 ರೂಪಾಯಿ. ಒಟ್ಟು 126.40. ಇಷ್ಟೇ ಅಲ್ಲ. 50 ಎರಕದಲ್ಲಿ 8 ಗುಳ್ಳೆಬಿದ್ದು ತಿರಸ್ಕೃತವಾದವೆನ್ನೋಣ. 50ಕ್ಕೆ ತಗುಲಿದ 6,320 ರೂಪಾಯಿಯನ್ನು ಉಳಿದ 42 ಹಿಡಿಕೆಗಳೇ ಹೊರಬೇಕು. ಆಗ ಒಂದರ ವೆಚ್ಚ 150 ರೂಪಾಯಿ ದಾಟುತ್ತದೆ. 120ಕ್ಕೆ ಮಾರಿದವನು ಪ್ರತಿ ಹಿಡಿಕೆಯ ಮೇಲೆ 30 ರೂಪಾಯಿ ಕೈಯಿಂದ ಹಾಕಿದ್ದಾನೆ. ತನ್ನ ದುಡಿಮೆಗೆ ಬೆಲೆ ಕಟ್ಟಿಕೊಳ್ಳದ ಕಾರಣ ಅದು ಅವನ ಗಮನಕ್ಕೆ ಬರುವುದಿಲ್ಲ, ಅಷ್ಟೆ. ಮನೆಯ ಹೆಣ್ಣುಮಕ್ಕಳು ಉಜ್ಜುವ ಕೆಲಸ ಮಾಡಿದಾಗಲಂತೂ ಆ ಕೂಲಿ ಯಾವ ಪುಸ್ತಕದಲ್ಲಿಯೂ ಕಾಣಿಸುವುದಿಲ್ಲ.

ಗಿರಾಕಿಯ ಅಳತೆಗೆ ಒಂದೇ ಒಂದು ಹಿಡಿ ಮಾಡಿಕೊಡುವಾಗ ಚಿತ್ರ ಇನ್ನಷ್ಟು ಬದಲಾಗುತ್ತದೆ. ಮೂಲಮಾದರಿಗೆ ನಾಲ್ಕು ಗಂಟೆಯ ಕೆಲಸ 320 ರೂಪಾಯಿ, ಅಚ್ಚು 650, ಎರಕದ ಉಳಿದ ವೆಚ್ಚ 113.40, ಒಟ್ಟು 1,083.40. ಎರಡನೆಯದಕ್ಕೆ ಮಾತ್ರ 113.40 ಸಾಕು. ಆದ್ದರಿಂದ ಕಬ್ಬಿಣದ ಎರಕದವರು ಪ್ಯಾಟರ್ನ್ ವೆಚ್ಚವನ್ನು ಪ್ರತ್ಯೇಕವಾಗಿ ಹಾಕುವಂತೆ, ಇಲ್ಲಿಯೂ ಮಾದರಿ ಮತ್ತು ಅಚ್ಚಿನ ಶುಲ್ಕವನ್ನು ದರಪಟ್ಟಿಯಲ್ಲಿ ಬೇರೆಯಾಗಿ ತೋರಿಸಿ ಮುಂಗಡ ಪಡೆಯುವುದು ಕ್ರಮ. ವರ್ಷಾಂತ್ಯದಲ್ಲಿ ಅವಧಿ ಮೀರಿದ ರೆಸಿನ್ ಡಬ್ಬಿಗಳನ್ನು ಖರೀದಿ ಬೆಲೆಗೆ ದಾಸ್ತಾನಿನಲ್ಲಿ ತೋರಿಸಕೂಡದೆಂಬುದನ್ನೂ ಇಲ್ಲಿಯೇ ಹೇಳಬಹುದು. ವೆಚ್ಚ ಅಥವಾ ವಸೂಲಾಗಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದೇ ಮೌಲ್ಯ.

ರೈಫಲ್ ಹಿಡಿಯ ಬೇಡಿಕೆ ಬಂದಾಗ ಸಾವಿರ ರೂಪಾಯಿಯ ಈ ಲೆಕ್ಕವೇ ಅಪ್ರಸ್ತುತವಾಗುತ್ತದೆ. 1959ರ ಶಸ್ತ್ರಾಸ್ತ್ರ ಅಧಿನಿಯಮದ 2ನೆಯ ಕಲಮಿನಲ್ಲಿ ಬಂದೂಕು ಎಂಬುದರ ಅರ್ಥದೊಳಗೆ ಅದರ ಭಾಗಗಳೂ, ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. 5ನೆಯ ಕಲಮಿನಂತೆ ತಯಾರಿಕೆ, ಮಾರಾಟ, ಮಾರ್ಪಾಡು, ದುರಸ್ತಿ ಎಲ್ಲಕ್ಕೂ ಪರವಾನಗಿ ಕಡ್ಡಾಯ. ಲೋಹದ ಭಾಗ ಮಾತ್ರ ಎಂದಾಗಲಿ, ಹಿಡಿಗೆ ವಿನಾಯಿತಿ ಇದೆ ಎಂದಾಗಲಿ ಆ ವ್ಯಾಖ್ಯೆಯಲ್ಲಿ ಬರೆದಿಲ್ಲ. ಪ್ಲಾಸ್ಟಿಕ್ಕಿನ ಹಿಡಿ ಗುಂಡು ಹಾರಿಸಲಾರದೆಂದು ವಾದಿಸಬಹುದು. ಆದರೆ ಆ ವಾದವನ್ನು ಮಾಡಬೇಕಾದ ಜಾಗ ನ್ಯಾಯಾಲಯ. 2019ರ ತಿದ್ದುಪಡಿಯ ನಂತರ 5ನೆಯ ಕಲಮಿನ ಉಲ್ಲಂಘನೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ ಮತ್ತು ದಂಡವಿದೆ. ಗಿರಾಕಿಯ ಬಳಿ ಬೆಳೆ ರಕ್ಷಣೆಯ ಬಂದೂಕಿನ ಪರವಾನಗಿ ಇದೆ ಎಂಬುದು ತಯಾರಕನಿಗೆ ರಕ್ಷಣೆಯಾಗುವುದಿಲ್ಲ. ಅದು ಇಟ್ಟುಕೊಳ್ಳುವ ಪರವಾನಗಿ, ತಯಾರಿಸುವ ಪರವಾನಗಿಯಲ್ಲ.

ಕಡಿಮೆ ಶಕ್ತಿಯ ಏರ್ ರೈಫಲ್ ಕೊಳ್ಳಲು ಪರವಾನಗಿ ಬೇಡವೆಂಬ ಕಾರಣದಿಂದ ಅದರ ಹಿಡಿಗೂ ಏನೂ ಬೇಡವೆಂದು ಊಹಿಸುವುದು ಅವಸರದ ಮಾತು. ಅಂಥ ಬೇಡಿಕೆ ಬಂದರೆ ಜಿಲ್ಲಾ ದಂಡಾಧಿಕಾರಿಗಳ ಕಚೇರಿಯಿಂದ ಲಿಖಿತ ಸ್ಪಷ್ಟನೆ ಪಡೆದು, ನಂತರ ಮುಂಗಡ ಮುಟ್ಟುವುದು ಒಳಿತು. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಆಯುಧ ತಯಾರಕರ ಹೆಸರೂ ಇರುವುದರಿಂದ ಕೆಲವರಿಗೆ ಗೊಂದಲವಾಗುವ ಸಂಭವವಿದೆ. ಅದು ಸಾಲ ಮತ್ತು ತರಬೇತಿಯ ಯೋಜನೆ. ಶಸ್ತ್ರಾಸ್ತ್ರ ಕಾನೂನಿನಿಂದ ವಿನಾಯಿತಿಯಲ್ಲ.

ಅಪಾಯವಿಲ್ಲದ್ದೆಂದು ಗೊಂಬೆಯತ್ತ ತಿರುಗುವವರಿಗೂ ಎಲ್ಲೆಗಳಿವೆ. ಕಿನ್ನಾಳ ಗೊಂಬೆಗೆ ಭೌಗೋಳಿಕ ಸೂಚಿಯ ನೋಂದಣಿ ಇದೆ. ಪೊಳಕಿ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ರೂಪ ಕೊಟ್ಟ ಗೊಂಬೆಯನ್ನು ಅಚ್ಚಿನಲ್ಲಿಟ್ಟು ರೆಸಿನ್ ಪ್ರತಿ ತೆಗೆದು ಕಿನ್ನಾಳದ ಹೆಸರಿನಲ್ಲಿ ಮಾರಿದರೆ 1999ರ ಭೌಗೋಳಿಕ ಸೂಚಿ ಅಧಿನಿಯಮದಂತೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ನಾಲ್ಕು ದಿನ ಕುಳಿತು ಮಾಡಿದ ಗೊಂಬೆಯ ಬೆಲೆಯನ್ನು ನಾಲ್ಕು ಗಂಟೆಯ ಪ್ರತಿ ಕೆಡಿಸುತ್ತದೆಂಬುದು ದಂಡಕ್ಕಿಂತ ದೊಡ್ಡ ಮಾತು. ಸ್ವಂತ ವಿನ್ಯಾಸವಾದರೂ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್ಐ ಮುದ್ರೆ ಕಡ್ಡಾಯ. ನೋಂದಾಯಿತ ಕರಕುಶಲಿಗಳಿಗೆ ಮತ್ತು ಭೌಗೋಳಿಕ ಸೂಚಿಯ ಆಟಿಕೆಗಳಿಗೆ ಕೊಟ್ಟಿರುವ ವಿನಾಯಿತಿಯನ್ನು ರೆಸಿನ್ ಎರಕದವರು ತಮಗೂ ಸಲ್ಲುವುದೆಂದು ತಿಳಿಯಬಾರದು.

ತೆರಿಗೆಯ ವಿಷಯ ಸಂಕ್ಷೇಪವಾಗಿ ಸಾಕು. ಪ್ಲಾಸ್ಟಿಕ್ ವಸ್ತುಗಳ 3926 ಶೀರ್ಷಿಕೆಯಡಿ ಹಿಡಿಕೆಗೆ ಜಿಎಸ್‌ಟಿ ಶೇಕಡಾ 18. ರಾಜ್ಯದೊಳಗೆ ಸರಕನ್ನು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ಮೀರುವವರೆಗೆ ನೋಂದಣಿ ಬೇಕಿಲ್ಲ. ಆದರೆ ಗಿರಾಕಿಯೇ ರೆಸಿನ್ ಕೊಟ್ಟು ಎರಕ ಮಾತ್ರ ಮಾಡಿಸಿಕೊಂಡರೆ ಅದು ಜಾಬ್ ವರ್ಕ್, ಅಂದರೆ ಸೇವೆ. ಆಗ ಮಿತಿ 20 ಲಕ್ಷ. ಹೊಸಪೇಟೆಗೆ ಕಳಿಸಿದರೆ ತೊಂದರೆಯಿಲ್ಲ, ಗಡಿ ದಾಟಿ ರಾಯದುರ್ಗಕ್ಕೆ ಒಂದು ಪೆಟ್ಟಿಗೆ ಹಿಡಿಕೆ ಮಾರಿದರೂ ನೋಂದಣಿ ಕಡ್ಡಾಯ. ಖರೀದಿದಾರ ಕಾರ್ಖಾನೆಯೇ ತನ್ನ ಒಡೆತನದ ಅಚ್ಚನ್ನು ಉಚಿತವಾಗಿ ಕೊಟ್ಟಿದ್ದರೆ ಅದರ ಮೌಲ್ಯವನ್ನು ಬಿಲ್ಲಿಗೆ ಸೇರಿಸಬೇಕಾಗಿಲ್ಲ. ಅಚ್ಚು ಒದಗಿಸುವುದು ಕರಾರಿನಂತೆ ತಯಾರಕನ ಹೊಣೆಯಾಗಿದ್ದರೆ ಮಾತ್ರ ಸೇರಿಸಬೇಕು. 2018ರ ಜೂನ್ ತಿಂಗಳ ಸುತ್ತೋಲೆ ಇದನ್ನು ಸ್ಪಷ್ಟಪಡಿಸಿದೆ.

ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಬೇಕು. ಆ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸಿದ ಸಣ್ಣ ತಯಾರಕನಿಗೆ ಖರೀದಿದಾರನು ಕರಾರು ಇಲ್ಲದಿದ್ದರೆ 15 ದಿನದಲ್ಲಿ, ಕರಾರು ಇದ್ದರೂ 45 ದಿನ ಮೀರದಂತೆ ಹಣ ಪಾವತಿಸಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಜೊತೆಗೆ ಪಾವತಿ ಆಗುವವರೆಗೆ ಖರೀದಿದಾರನಿಗೆ ಆದಾಯ ತೆರಿಗೆಯಲ್ಲಿ ಆ ಖರ್ಚಿನ ಕಡಿತವೂ ದೊರೆಯುವುದಿಲ್ಲ. ಮಾರ್ಚ್ ತಿಂಗಳ ಎರಡನೆಯ ವಾರದಲ್ಲಿ ಬಾಕಿದಾರರಿಗೆ ಈ ಅಂಶವನ್ನು ನಮೂದಿಸಿ ಪತ್ರ ಬರೆದರೆ ಸಾಕು, ವರ್ಷವಿಡೀ ಫೋನ್ ಎತ್ತದವರೂ ಲೆಕ್ಕ ಚುಕ್ತಾ ಮಾಡುವ ಸಾಧ್ಯತೆ ಹೆಚ್ಚು.